ಬಿಚ್ಚದೇ ಉಳಿದ ಹನ್ನೊಂದು ಡಬ್ಬ: ಕೆಲಸ, ಸಾಮಾನು, ನಮಗೆ ಅಂತ ಉಳಿಯುವ ಹೊತ್ತು

ಕೆಂಗೇರಿ ಉಪನಗರ (ಚರ್ಚೆ ಶುರು ಮಾಡಿದವರು)
ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ಮೂರು ವಾರದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ.

ಕಳೆದ ತಿಂಗಳು ಮನೆ ಬದಲಾಯಿಸಿದೆವು, ಮಾರತ್ತಹಳ್ಳಿಯಿಂದ ಕೆಂಗೇರಿ ಉಪನಗರಕ್ಕೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮೆಟ್ರೊ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡಲು ಶುರುವಾದಾಗಿಂದ ಈ ಯೋಚನೆ ಇತ್ತು. ಆಫೀಸ್ ಕುಂದಲಹಳ್ಳಿಯಲ್ಲಿ. ದೂರ ಹೌದು, ಆದರೆ ಸಿಗ್ನಲ್‌ನಲ್ಲಿ ನಿಲ್ಲುವ ಕಷ್ಟ ಇಲ್ಲ. ಅಮ್ಮ ಇಲ್ಲೇ ಹತ್ತಿರ ಇದ್ದಾರೆ. ಬಾಡಿಗೆಯೂ ಕಡಿಮೆ.

ಸಾಮಾನು ಲೆಕ್ಕ ಹಾಕಲು ಬಂದ ಹುಡುಗ ರೂಮು ರೂಮು ಸುತ್ತಿ, ಮೊಬೈಲಿನಲ್ಲಿ ಬರೆದುಕೊಂಡು, "68 ಡಬ್ಬ ಆಗುತ್ತೆ ಸರ್" ಅಂದ. ಇರುವುದು ಮೂರು ಜನ. ಆಮೇಲೆ ಏಣಿ ಹಾಕಿ ಅಟ್ಟ ಹತ್ತಿದ. ಅಲ್ಲಿ ಹನ್ನೊಂದು ಡಬ್ಬ ಸಾಲಾಗಿ ಕೂತಿದ್ದವು. 2019ರಲ್ಲಿ ಹಿಂದಿನ ಮನೆಯಿಂದ ಬಂದಾಗ ಸುತ್ತಿದ ಟೇಪ್ ಹಾಗೇ ಇತ್ತು. "ಇವನ್ನ ಪ್ಯಾಕ್ ಮಾಡೋದೇ ಬೇಡ ಸರ್, ಆಗಲೇ ಆಗಿವೆ" ಅಂದ. ಅವನು ಸಹಜವಾಗಿ ಹೇಳಿದ ಮಾತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಹೊಸ ಮನೆಗೆ ಬಂದ ಮೇಲೆ ಮೊದಲು ಆ ಹನ್ನೊಂದನ್ನೇ ಬಿಚ್ಚಿದೆ. ಉಡುಗೊರೆಯಾಗಿ ಬಂದ ಎರಡು ಡಿನ್ನರ್ ಸೆಟ್. ಜ್ಯೂಸರ್. ಯಾವುದಕ್ಕೆ ಸೇರಿದ್ದೋ ಗೊತ್ತಿಲ್ಲದ ಚಾರ್ಜರ್‌ಗಳು. ಒಂದು ಕ್ಯಾಮೆರಾ ಬ್ಯಾಗ್. 15,000 ಕೊಟ್ಟು ತಂದಿದ್ದ ಕಾಫಿ ಮೆಷಿನ್. ನಮ್ಮ ಮನೆಯಲ್ಲಿ ದಿನಾ ಕುಡಿಯುವುದು ಹಿತ್ತಾಳೆ ಫಿಲ್ಟರ್ ಕಾಫಿ.

ಆ ಮೆಷಿನ್ ಮುಂದೆ ಕೂತು ಒಂದು ಲೆಕ್ಕ ಹಾಕಿದೆ. ಅದನ್ನು ಕೊಂಡಾಗ ನನ್ನ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 78,000. ಆಫೀಸು, ಔಟರ್ ರಿಂಗ್ ರೋಡಿನ ಓಡಾಟ, ರಾತ್ರಿ ಕಾಲ್‌ಗಳು ಎಲ್ಲ ಸೇರಿಸಿದರೆ ತಿಂಗಳಿಗೆ 260 ಗಂಟೆ. ಅಂದರೆ ಗಂಟೆಗೆ 300 ರೂಪಾಯಿ. ಮೆಷಿನ್ ಬೆಲೆ 50 ಗಂಟೆ. ಆ 50 ಗಂಟೆಯಲ್ಲಿ ಮಗಳು ಎಷ್ಟೋ ರಾತ್ರಿ ನಾನು ಬರುವ ಮೊದಲೇ ಮಲಗಿದ್ದಳು.

ಒಂಬತ್ತನೇ ಡಬ್ಬದಲ್ಲಿ ಅಪ್ಪನ ಹಳೇ ಪಂಚೆಯಲ್ಲಿ ಸುತ್ತಿದ ಮೃದಂಗ ಇತ್ತು.

ಎಂಟನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಕಲಿತಿದ್ದೆ, ಹನುಮಂತನಗರದಲ್ಲಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಿಗೆ ಅಪ್ಪ ತಪ್ಪದೇ ಕರೆದುಕೊಂಡು ಹೋಗುತ್ತಿದ್ದರು. 1939ರಿಂದ ನಡೆದುಕೊಂಡು ಬಂದಿರುವ ಉತ್ಸವ ಅದು. ತನಿ ಆವರ್ತನ, ಅಂದರೆ ತಾಳವಾದ್ಯದವರಷ್ಟೇ ನುಡಿಸುವ ಭಾಗ, ಶುರುವಾದರೆ ಜನ ಎದ್ದು ಕಾಫಿಗೆ ಹೋಗುತ್ತಿದ್ದರು. ಅಪ್ಪ ನನ್ನ ಕೈ ಹಿಡಿದು ಮುಂದಿನ ಸಾಲಿಗೆ ಕರೆದೊಯ್ಯುತ್ತಿದ್ದರು. ಕೆಲಸಕ್ಕೆ ಸೇರಿದ ವರ್ಷ ಕ್ಲಾಸ್ ಬಿಟ್ಟೆ. ಆರು ತಿಂಗಳು ಅಷ್ಟೇ ಅಂದುಕೊಂಡಿದ್ದೆ. ಈಗ ನನಗೆ 43.

ಬಿಚ್ಚಿ ನೋಡಿದರೆ ಬಲಗಡೆಯ ಕರಣೆ, ಚರ್ಮದ ಮೇಲಿನ ಆ ಕಪ್ಪು ಲೇಪ, ಒಣಗಿದ ಕೆರೆಯ ಹಾಗೆ ಬಿರುಕು ಬಿಟ್ಟಿದೆ. ಬಾರು ಸಡಿಲ. ಬೆರಳು ಇಟ್ಟರೆ ಮರ ತಟ್ಟಿದ ಸದ್ದು.

ನಾನು ಕೆಲಸ ಬಿಡುವ ಯೋಚನೆಯಲ್ಲಿಲ್ಲ. ಮನೆ ನಡೆಯಬೇಕು, ಕೆಲಸ ಇಷ್ಟವೂ ಹೌದು. ನಿಮ್ಮನ್ನು ಕೇಳಬೇಕಾದ್ದು ಇಷ್ಟು: ಇಷ್ಟು ಸಾಕು ಅಂತ ನೀವು ಯಾವಾಗ, ಹೇಗೆ ತೀರ್ಮಾನ ಮಾಡಿದಿರಿ? ಕೆಲಸದ ಆಚೆಗೆ ನಿಮಗೆ ಅಂತ ಹೊತ್ತು ಹೇಗೆ ಉಳಿಸಿಕೊಂಡಿರಿ?

ವಿಜಯನಗರ, ಆರ್‌ಪಿಸಿ ಲೇಔಟ್

ಓದಿ ಎದ್ದು ಹೋಗಿ ದಿವಾನದ ಕೆಳಗೆ ನೋಡಿದೆ ಸರ್. ಹೊಲಿಗೆ ಮೆಷಿನ್ ಇದೆ, ಅಮ್ಮನದು. ಮದುವೆಯಾದಾಗ ಕೊಟ್ಟಿದ್ದರು. ಒಂದು ದಿಂಬಿನ ಕವರ್ ಕೂಡ ಹೊಲಿದಿಲ್ಲ. ನಾಳೆ ಎಣ್ಣೆ ಬಿಡುತ್ತೇನೆ.

ಜಾಲಹಳ್ಳಿ, ನಿವೃತ್ತ

ಕೆಂಗೇರಿಯವರೇ, ನನಗೆ 75 ದಾಟಿದೆ. ಮೊಮ್ಮಗಳು ನಾನು ಹೇಳಿದ್ದನ್ನು ಟೈಪ್ ಮಾಡುತ್ತಿದ್ದಾಳೆ.

1972ರಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆಗೆ ಸೇರಿದೆ. ಜಪಾನಿನ ಸಿಟಿಜನ್ ಕಂಪನಿಯ ಜತೆ ಸೇರಿ 1961ರಲ್ಲಿ ಶುರುವಾದ ಕಾರ್ಖಾನೆ. ಬೆಳಗ್ಗೆ ಸೈರನ್, ಸಂಜೆ ಸೈರನ್. ಸಂಜೆಯದು ಕೂಗಿತು ಅಂದರೆ ಆ ದಿನದ ಕೆಲಸ ಮುಗಿಯಿತು. ಕೂದಲೆಳೆಯಂಥ ಸ್ಪ್ರಿಂಗ್ ಆಗಲಿ, ಸೂಪರ್‌ವೈಸರ್ ಆಗಲಿ, ಯಾವುದೂ ನಮ್ಮ ಹಿಂದೆ ಮನೆಗೆ ಬರುತ್ತಿರಲಿಲ್ಲ. ಈಗಿನ ನಿಮ್ಮ ಕೆಲಸಕ್ಕೆ ಆ ಸೈರನ್ ಇಲ್ಲ. ನನ್ನ ಮಗನನ್ನೇ ನೋಡುತ್ತೇನೆ, ಊಟದ ತಟ್ಟೆಯ ಪಕ್ಕ ಮೊಬೈಲ್, ಅನ್ನ ಆರಿಹೋಗಿರುತ್ತೆ.

ಸೈರನ್ ಆದ ಮೇಲೆ ನಮ್ಮದು ಇನ್ನೊಂದು ದಿನ ಶುರುವಾಗುತ್ತಿತ್ತು. ನಾಲ್ಕೈದು ಜನ ಬಸ್ ಹಿಡಿದು ಮಲ್ಲೇಶ್ವರಕ್ಕೆ ಹೋಗುತ್ತಿದ್ದೆವು. ಅಲ್ಲಿ ಒಂದು ಶಾಲೆಯ ಹಾಲ್‌ನಲ್ಲಿ ನಾಟಕದ ತಾಲೀಮು. ನಮ್ಮ ತಂಡದಲ್ಲಿ ಎಚ್‌ಎಎಲ್, ಐಟಿಐ, ಬಿಇಎಲ್‌ನಂಥ ಸರ್ಕಾರಿ ಕಾರ್ಖಾನೆಗಳವರು, ಬ್ಯಾಂಕಿನವರು, ಎಜಿ (ಸರ್ಕಾರಿ ಲೆಕ್ಕಪತ್ರ) ಆಫೀಸಿನವರು ಎಲ್ಲ ಇದ್ದರು. ಆ ಕಾಲದ ಬೆಂಗಳೂರಿನ ಹವ್ಯಾಸಿ ರಂಗಭೂಮಿಗೆ ಇಂಥ ನೌಕರರೇ ಜೀವ. ಹಗಲು ಲೇತ್ ತಿರುಗಿಸುವವನು ರಾತ್ರಿ ರಾಜನ ಪಾತ್ರ ಮಾಡುತ್ತಿದ್ದ.

ನಾನು ನಟ ಅಲ್ಲ, ಲೈಟಿಂಗ್‌ನವನು. ದುಡ್ಡು ಇರಲಿಲ್ಲ. ಎಣ್ಣೆ ಡಬ್ಬದ ತಗಡು ಕತ್ತರಿಸಿ ನಾವೇ ಸ್ಪಾಟ್‌ಲೈಟ್ ಮಾಡಿಕೊಂಡಿದ್ದೆವು. ಮುಂದೆ ಬಣ್ಣದ ಜಿಲೆಟಿನ್ ಹಾಳೆ, ಹಿಂದೆ ಬಲ್ಬ್. ಅರ್ಧ ಗಂಟೆಗೆ ತಗಡು ಕಾದು ಕೆಂಡ ಆಗುತ್ತಿತ್ತು. ಕೈಗೆ ಗೋಣಿಚೀಲ ಸುತ್ತಿಕೊಂಡು ತಿರುಗಿಸಬೇಕು. ರವೀಂದ್ರ ಕಲಾಕ್ಷೇತ್ರದಲ್ಲಿ ನಮ್ಮ ನಾಟಕ ಆದ ರಾತ್ರಿ, ಕೊನೆಯ ದೃಶ್ಯದಲ್ಲಿ ನೀಲಿ ಬೆಳಕು ನಿಧಾನಕ್ಕೆ ಇಳಿಸಿದೆ. ಇಡೀ ಸಭೆ ಉಸಿರು ಬಿಗಿ ಹಿಡಿದಿತ್ತು. ಕಾರ್ಖಾನೆಯಲ್ಲಿ ನನಗೆ ಎಷ್ಟು ಬೋನಸ್ ಬಂತು ಅಂತ ಒಂದು ವರ್ಷದ್ದೂ ನೆನಪಿಲ್ಲ. ಆ ನೀಲಿ ಬೆಳಕು ನೆನಪಿದೆ.

ಸಾಮಾನಿನ ವಿಷಯ ಕೇಳಿದಿರಿ. ನನ್ನ ಕೈಯಲ್ಲಿರುವುದು 'ಜನತಾ' ವಾಚು. ಬ್ಯಾಟರಿ ಇಲ್ಲ. ದಿನಾ ಬೆಳಗ್ಗೆ ಸ್ನಾನ ಆದ ಮೇಲೆ ಕೀ ಕೊಡುತ್ತೇನೆ. ಬಿಗಿಯಾಯಿತು ಅಂತ ಬೆರಳಿಗೇ ಗೊತ್ತಾಗುತ್ತೆ, ಅಲ್ಲಿಗೆ ನಿಲ್ಲಿಸಬೇಕು. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿದರೆ ಸಾಕು. ನಿಮ್ಮ ಮೃದಂಗವೂ ಅಂಥದ್ದೇ. ಅದು ಕೆಟ್ಟಿಲ್ಲ, ಅದನ್ನು ನೋಡುವವರು ಇರಲಿಲ್ಲ ಅಷ್ಟೆ. ಬಳೇಪೇಟೆಗೆ ತೆಗೆದುಕೊಂಡು ಹೋಗಿ. ವಾದ್ಯದ ಅಂಗಡಿಗಳು ಈಗಲೂ ಅಲ್ಲಿವೆ.

ಬನಶಂಕರಿ 3ನೇ ಹಂತ

ಹಿರಿಯರ ಮಾತು ಓದಿ ಖುಷಿಯಾಯಿತು. ಆದರೂ ಒಂದು ಪ್ರಶ್ನೆ ಕೇಳಲೇಬೇಕು. ತಾತ, ನೀವು ತಾಲೀಮಿನಿಂದ ರಾತ್ರಿ ಹತ್ತಕ್ಕೆ ಬಂದಾಗ ಸಾರು ಬಿಸಿ ಮಾಡಿ ಬಡಿಸಿದ್ದು ಯಾರು? ಅಜ್ಜಿಗೆ ಸೈರನ್ ಇತ್ತಾ?

ಜಗಳಕ್ಕೆ ಕೇಳುತ್ತಿಲ್ಲ. 2019ರಲ್ಲಿ ಸರ್ಕಾರ ಜನ ಹೇಗೆ ಹೊತ್ತು ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಇನ್ನೂರು ನಿಮಿಷದ ವ್ಯತ್ಯಾಸ. ನಿಮಗೆ ಅಂತ ಹೊತ್ತು ಉಳಿಸಿಕೊಳ್ಳಿ ಅನ್ನುವುದು ಸುಲಭ. ಆ ಹೊತ್ತು ಮನೆಯಲ್ಲಿ ಯಾರ ಕೈಯಿಂದ ಬರುತ್ತೆ ಅಂತಲೂ ನೋಡಬೇಕಲ್ವಾ?

ನಾನು ಶಾಲೆಯಲ್ಲಿ ಟೀಚರ್. ಎರಡು ಮಕ್ಕಳು. ಎರಡು ವರ್ಷದ ಹಿಂದೆ ಯಜಮಾನರ ಹತ್ತಿರ ಕೂತು ಮಾತಾಡಿದೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಆರರಿಂದ ಎಂಟು ನನ್ನದು. ಅಡುಗೆ, ಹೋಮ್‌ವರ್ಕ್, ಬಾಗಿಲಿಗೆ ಬರುವ ಕೊರಿಯರ್, ಯಾವುದಕ್ಕೂ ನನ್ನನ್ನು ಕರೆಯುವ ಹಾಗಿಲ್ಲ. ಮೊದಲ ತಿಂಗಳು ಮನೆಯಲ್ಲಿ ಉಪ್ಪಿಟ್ಟೇ ಉಪ್ಪಿಟ್ಟು. ಆಮೇಲೆ ಅವರು ಹುಳಿ ಕಲಿತರು, ಈಗ ನನಗಿಂತ ಚೆನ್ನಾಗಿ ಮಾಡುತ್ತಾರೆ. ನಾನು ತಾರಸಿ ಮೇಲೆ ತರಕಾರಿ ಬೆಳೆಯುತ್ತೇನೆ. ಹೀರೆ, ಬದನೆ, ಹರಿವೆ ಸೊಪ್ಪು. ಬೇಸಿಗೆಯಲ್ಲಿ ಸಂಜೆ ನೀರು ಹಾಕಿದಾಗ ಕುಂಡದಿಂದ ಏಳುವ ಮಣ್ಣಿನ ವಾಸನೆಗೆ ದಿನದ ಗದ್ದಲವೆಲ್ಲ ಇಳಿಯುತ್ತೆ.

ಕೆಂಗೇರಿ ಅಣ್ಣ, ಮೃದಂಗ ಶುರು ಮಾಡಿ. ಅದೇ ದಿನ ನಿಮ್ಮ ಮನೆಯವರನ್ನೂ ಕೇಳಿ, ಅವರ ಡಬ್ಬದಲ್ಲಿ ಏನಿತ್ತು ಅಂತ.

ಕೆಂಗೇರಿ ಉಪನಗರ

ಅಕ್ಕ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೇಳಿದೆ. ಆ ಕ್ಯಾಮೆರಾ ಬ್ಯಾಗ್ ಅವಳದು. ಮದುವೆಗೆ ಮುಂಚೆ ಕೆಂಗೇರಿ, ಹೆಸರಘಟ್ಟ ಕಡೆಯ ಕೆರೆಗಳಲ್ಲಿ ಹಕ್ಕಿ ಫೋಟೊ ತೆಗೆಯುತ್ತಿದ್ದಳಂತೆ. ಹದಿನಾಲ್ಕು ವರ್ಷ ಜತೆಗಿದ್ದರೂ ನನಗೆ ಇದು ಗೊತ್ತಿರಲಿಲ್ಲ.

ಜಾಲಹಳ್ಳಿ, ನಿವೃತ್ತ

ಬನಶಂಕರಿಯ ತಾಯಿ ಕೇಳಿದ್ದು ಸರಿ. ಬಡಿಸಿದ್ದು ನನ್ನ ಹೆಂಡತಿಯೇ. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಅವಳಿಗೆ ಏನು ಇಷ್ಟ ಅಂತ ನಾನು ಕೇಳಿದ್ದು ನಿವೃತ್ತಿಯಾದ ಮೇಲೆ. ತಡವಾಯಿತು. ಈ ಮಾತು ಟೈಪ್ ಮಾಡುವಾಗ ಮೊಮ್ಮಗಳು ನನ್ನ ಮುಖ ನೋಡಿದಳು.

ಪೀಣ್ಯ 2ನೇ ಹಂತ

ನಮಸ್ಕಾರ್ರಿ ಎಲ್ಲರಿಗೂ. ನನ್ನದು ಬೇರೆ ಕಡೆಯ ಮಾತು, ಹೇಳಲಾ?

ಹದಿನಾರು ವರ್ಷದ ಹಿಂದೆ ಲಿಂಗಸುಗೂರು ತಾಲ್ಲೂಕಿನಿಂದ ಬಂದೆ. ಪೀಣ್ಯದಲ್ಲಿ ಟರ್ನರ್ ಕೆಲಸ, ಲೇತ್ ಯಂತ್ರದಲ್ಲಿ ಲೋಹ ಕಡೆಯುವುದು. ಹೊತ್ತು ಉಳಿಸಿ ಅಂತ ನೀವೆಲ್ಲ ಬರೆದಿದ್ದೀರಿ. ನಾವು ಓಟಿ ಕೊಡಿ ಅಂತ ಕೈಮುಗಿಯುವವರು. ಕಾನೂನಿನ ಪ್ರಕಾರ ಓಟಿಗೆ ಎರಡರಷ್ಟು ಕೂಲಿ ಕೊಡಬೇಕು. ನಾನು ಮೊದಲು ಇದ್ದ ಶಾಪ್‌ನಲ್ಲಿ ಒಂದರಷ್ಟೇ ಕೊಡುತ್ತಿದ್ದರು. ಕೇಳಿದವರಿಗೆ ಮರುದಿನ ಕೆಲಸ ಇರುತ್ತಿರಲಿಲ್ಲ. ಹತ್ತು ವರ್ಷ ದಿನಕ್ಕೆ ಹನ್ನೆರಡು ಗಂಟೆ ನಿಂತಿದ್ದೇನೆ. ಸಂಜೆ ಹೊತ್ತು ಉಳಿಯಬೇಕಾದರೆ ಮೊದಲು ಸರಿಯಾದ ಕೂಲಿ ಬರಬೇಕ್ರಿ.

ಗುರುಗುಂಟಾ ಅಮರೇಶ್ವರ ನಮ್ಮೂರಿಗೆ ಹತ್ತಿರ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಆ ಕಡೆಯಿಂದ ಕಲ್ಯಾಣಕ್ಕೆ ಹೋದವರು. ನಮ್ಮ ಅಜ್ಜಿ ಆ ಕಥೆ ಹೇಳುತ್ತಿದ್ದಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಜಾಸ್ತಿ ತಂದ. ಲಕ್ಕಮ್ಮ ನೋಡಿ, ನಮಗೆ ಇಷ್ಟು ಯಾಕೆ, ಜಾಸ್ತಿ ಇರುವುದನ್ನು ಅಲ್ಲೇ ಸುರಿದು ಬಾ ಅಂದಳು. ಸಣ್ಣವನಿದ್ದಾಗ ಈ ಕಥೆ ಕೇಳಿ ಲಕ್ಕಮ್ಮ ದೊಡ್ಡವಳು ಅಂದುಕೊಂಡಿದ್ದೆ. ಈಗಲೂ ಹಾಗೇ ಅನಿಸುತ್ತೆ. ಅದರ ಜತೆಗೆ ಇನ್ನೊಂದು ತಿಳಿದಿದೆ. ಅವಳ ಗಡಿಗೆಯಲ್ಲಿ ಆ ದಿನಕ್ಕೆ ಬೇಕಾದಷ್ಟು ಅಕ್ಕಿ ಇತ್ತು. ಇಲ್ಲದವರಿಗೆ ಸಾಕು ಅನ್ನು ಅಂತ ಹೇಳಬಾರದು.

ಸಾಮಾನು ಕೊಳ್ಳುವುದೆಲ್ಲ ತಪ್ಪು ಅಂತಲೂ ಅಲ್ಲ. 2021ರಲ್ಲಿ ಚೀಟಿ ಎತ್ತಿ, ಒಂದೂವರೆ ಲಕ್ಷಕ್ಕೆ ಹಳೆಯ ಆರು ಅಡಿ ಲೇತ್ ತಗೊಂಡೆ. ಗೆಳೆಯನ ಶೆಡ್ಡಿನಲ್ಲಿ ಒಂದು ಮೂಲೆ ಬಾಡಿಗೆಗೆ ಸಿಕ್ಕಿತು. ಲೇತ್ ಬಂದ ರಾತ್ರಿ ಡೀಸೆಲ್ ಹಾಕಿ ಬೆಡ್ ಒರೆಸುತ್ತ ಕೂತಿದ್ದೆ. ತುಕ್ಕಿನ ಕೆಳಗಿಂದ ಹೊಳಪು ಬಂತು. ಚಕ್‌ಗೆ ಒಂದು ರಾಡ್ ಕಚ್ಚಿಸಿ ಮೊದಲ ಕಟ್ ಕೊಟ್ಟೆ. ಸಿಬರು ಸುರುಳಿ ಸುರುಳಿಯಾಗಿ ಬಂತು, ನೀಲಿ ಬಣ್ಣಕ್ಕೆ ತಿರುಗಿ ಬಿತ್ತು. ಅದರಲ್ಲಿ ಒಂದು ಸುರುಳಿ ಮನೆಯ ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಈಗ ಬುಷ್, ಪಿನ್ ಆರ್ಡರ್ ಬರುತ್ತವೆ. ಭಾನುವಾರ ಶೆಡ್ ಮುಚ್ಚುತ್ತೇನೆ. ಭಾನುವಾರ ರಜಾ ಅಂತ ನನ್ನ ಬಾಯಿಂದಲೇ ಹೇಳುವ ದಿನ ಬಂದಿತಲ್ಲ, ನನಗೆ ಅದೇ ದೊಡ್ಡದು.

ಮಲ್ಲೇಶ್ವರ, ಲೆಕ್ಕಪತ್ರ

ಪೀಣ್ಯದ ಅಣ್ಣನ ಮಾತಿಗೆ ನಮಸ್ಕಾರ. ನಾನು ಮೂವತ್ತು ವರ್ಷದಿಂದ ಜನರ ತೆರಿಗೆ ಲೆಕ್ಕ ನೋಡುತ್ತಿರುವವನು. ಎಲ್ಲರೂ ಕೇಳುವ ಹೊತ್ತು ಹೆಚ್ಚಿನ ಮನೆಗಳಲ್ಲಿ ಹೋಗುವುದು ಎಲ್ಲಿಗೆ ಅಂದರೆ, ಮನೆ ಸಾಲಕ್ಕೆ.

60 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಅಂದುಕೊಳ್ಳಿ. ಕಂತು ತಿಂಗಳಿಗೆ ಸುಮಾರು 52,000. ಒಟ್ಟು ಕಟ್ಟುವುದು ಸುಮಾರು 1 ಕೋಟಿ 25 ಲಕ್ಷ. 65 ಲಕ್ಷ ಬಡ್ಡಿಯೇ. ವರ್ಷಕ್ಕೆ ಒಂದೇ ಒಂದು ಕಂತು ಜಾಸ್ತಿ ಕಟ್ಟುತ್ತ ಹೋದರೆ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ತೀರುತ್ತೆ. ಬಡ್ಡಿ ದರ ಏರಿಳಿಯುವ ಮನೆ ಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವ ಹಾಗಿಲ್ಲ. ಬೋನಸ್ ಬಂದ ತಿಂಗಳು ದೊಡ್ಡ ಟಿವಿ ನೋಡಲು ಹೋಗುವ ಮೊದಲು ಇದನ್ನು ಯೋಚಿಸಿ. ಟಿವಿ ಬೇಡ ಅನ್ನುತ್ತಿಲ್ಲ. ಮೂರೂವರೆ ವರ್ಷ ಅಂದರೆ ಎಷ್ಟು ಸಂಜೆಗಳು, ಅದನ್ನು ಎಣಿಸಿ ಅನ್ನುತ್ತಿದ್ದೇನೆ.

ಇನ್ನೊಂದು. ಬೇಸರ ಬಂತು ಅಂತ ರಾತ್ರೋರಾತ್ರಿ ರಾಜೀನಾಮೆ ಕೊಡಬೇಡಿ. 2018ರಲ್ಲಿ ನನ್ನ ಹತ್ತಿರ ಬಂದ ಒಬ್ಬ ಹುಡುಗ ನಾಲ್ಕು ವರ್ಷ ಮೂರು ತಿಂಗಳಿಗೆ ಕೆಲಸ ಬಿಟ್ಟಿದ್ದ. ಗ್ರಾಚುಟಿಗೆ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ದುಡ್ಡಿಗೆ, ಐದು ವರ್ಷ ತುಂಬಬೇಕಿತ್ತು. ಮೂಲ ವೇತನ 60,000 ಇತ್ತು. ಐದು ವರ್ಷ ತುಂಬಿಸಿದ್ದರೆ ಸುಮಾರು 1 ಲಕ್ಷ 73 ಸಾವಿರ ಕೈಗೆ ಬರುತ್ತಿತ್ತು. ಪಿಎಫ್ ಕೂಡ ಐದು ವರ್ಷದೊಳಗೆ ತೆಗೆದು ತೆರಿಗೆಗೆ ಸಿಕ್ಕಿಕೊಂಡ. ಅವನಿಗೆ ಫೋಟೊ ಸ್ಟುಡಿಯೊ ಇಡುವ ಆಸೆ. ಆ ದುಡ್ಡು ಸ್ಟುಡಿಯೊದ ಅಡ್ವಾನ್ಸ್ ಆಗುತ್ತಿತ್ತು.

ದೊಡ್ಡಬಳ್ಳಾಪುರ ಕಡೆ, ಶನಿ ಭಾನು ಮಾತ್ರ

ರಾತ್ರೋರಾತ್ರಿ ರಾಜೀನಾಮೆ ಕೊಟ್ಟವನು ನಾನು. ನನ್ನ ಅನುಭವ ಬೇರೆಯವರಿಗೆ ಉಪಯೋಗ ಆದರೆ ಆಗಲಿ.

ಮೊದಲೆಲ್ಲ ಕರ್ನಾಟಕದಲ್ಲಿ ಕೃಷಿಕರಲ್ಲದವರು ಹೊಲ ಕೊಳ್ಳುವ ಹಾಗಿರಲಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು ಆ ಕಟ್ಟು ಹೋಯಿತು. 2021ರಲ್ಲಿ ಎರಡೂವರೆ ಎಕರೆ ತಗೊಂಡೆ, ಇದ್ದ ಉಳಿತಾಯವೆಲ್ಲ ಹಾಕಿ. ಆರು ತಿಂಗಳಿಗೆ ಕೆಲಸ ಬಿಟ್ಟೆ. ಲಾಕ್‌ಡೌನ್‌ನಲ್ಲಿ ಒಂದೇ ರೂಮಿನಲ್ಲಿ ಲ್ಯಾಪ್‌ಟಾಪ್ ನೋಡಿ ನೋಡಿ ಮನಸ್ಸು ಮುರಿದಿತ್ತು.

ಮೊದಲ ಬೋರ್ 1,100 ಅಡಿ ಹೋಯಿತು. ಗಾಡಿಯ ಸದ್ದು, ಬಿಳಿ ಧೂಳು, ನೀರಿಲ್ಲ. ಗಾಡಿಯವನು "ಇನ್ನೂ ನೂರಡಿ ಬಿಡಲಾ ಸರ್" ಅಂತ ಕೇಳುತ್ತಿದ್ದ. ಪ್ರತಿ ನೂರಡಿಗೆ ರೇಟು ಜಾಸ್ತಿ. ಎರಡನೆಯದರಲ್ಲಿ ಒಂದೂವರೆ ಇಂಚು ನೀರು ಸಿಕ್ಕಿತು. ಟೊಮೆಟೊ ಇಟ್ಟೆ. ಗಿಡ ಚೆನ್ನಾಗಿ ಬಂತು, ಕಾಯಿಯೂ ಹಿಡಿಯಿತು. ಕೊಯ್ಲಿನ ವಾರ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್‌ಗೆ ಕೇಳಿದ ಬೆಲೆ, ಕೊಯ್ಯುವ ಕೂಲಿ ಮತ್ತು ಸಾಗಾಟಕ್ಕೂ ಸಾಲಲಿಲ್ಲ. ಪಕ್ಕದ ಹೊಲದ ಯಜಮಾನರು ಬಂದು ಬದುವಿನ ಮೇಲೆ ಕೂತು, "ಬಿಡಪ್ಪ, ನಮಗೆ ಇದು ಎಷ್ಟನೇ ಸಲವೋ" ಅಂದರು. ನನಗೆ ಹೋಗಲು ಇನ್ನೊಂದು ದಾರಿ ಇತ್ತು. ಅವರಿಗೆ ಇರಲಿಲ್ಲ. ಅದು ಅರ್ಥ ಆದ ದಿನ ನನಗೆ ತುಂಬಾ ನಾಚಿಕೆ ಆಯಿತು. ಅವರ ಬದುಕನ್ನು ನಾನು ವಿಶ್ರಾಂತಿಯ ಜಾಗ ಅಂದುಕೊಂಡು ಬಂದಿದ್ದೆ.

2023ರಲ್ಲಿ ಮತ್ತೆ ಕೆಲಸಕ್ಕೆ ಸೇರಿದೆ, ಸ್ವಲ್ಪ ಕಡಿಮೆ ಸಂಬಳಕ್ಕೆ. ಸೇರುವಾಗಲೇ ಶನಿವಾರ, ಭಾನುವಾರ ಫೋನ್ ಇಲ್ಲ ಅಂತ ಮಾತಾಡಿಕೊಂಡೆ. ಈಗ ಹೊಲದಲ್ಲಿ ಮಳೆ ನಂಬಿಕೊಂಡು ರಾಗಿ, ಸಾಲು ಬಿಟ್ಟು ಅವರೆ. ಆ ಯಜಮಾನರು ಹೇಳಿದ ಹಾಗೆ ಬಿತ್ತುತ್ತೇನೆ. ವರ್ಷದ ರಾಗಿ ಮನೆಗೆ ಬರುತ್ತೆ. ಆಫೀಸಿನ ಮೇಲೆ ಆಗ ಇದ್ದ ಸಿಟ್ಟು ಈಗ ಇಲ್ಲ. ಹೊಲಕ್ಕೂ ಆಫೀಸಿಗೂ ಅವುಗಳ ಕೈಲಿ ಆಗದ್ದನ್ನು ನಾನು ಕೇಳುತ್ತಿದ್ದೆ ಅನಿಸುತ್ತೆ.

ಬಿಟಿಎಂ, ಪಿಜಿ

ಎಲ್ಲರದ್ದೂ ಓದಿದೆ. ನನಗೆ 24, ಮೊದಲ ಕೆಲಸ. ಸಂಬಳ 32,000. ಫೋನಿನ ಕಂತು 4,000 ಹೋಗುತ್ತೆ, ಊರಿಗೆ 10,000 ಕಳಿಸುತ್ತೇನೆ. ನಿಮಗೆಲ್ಲ ಮೃದಂಗ, ನಾಟಕ, ಲೇತ್, ಹೊಲ ಅಂತ ಏನೋ ಒಂದು ಇದೆ. ನನಗೆ ಏನು ಇಷ್ಟ ಅಂತಲೇ ಗೊತ್ತಿಲ್ಲ. ಓದು, ಮಾರ್ಕ್ಸು, ಕ್ಯಾಂಪಸ್ ಇಂಟರ್‌ವ್ಯೂ ಅಷ್ಟೇ ಮಾಡಿದ್ದು. ಭಾನುವಾರ ಎದ್ದರೆ ಹೊತ್ತು ಇರುತ್ತೆ, ಅದರಲ್ಲಿ ಏನು ಮಾಡಬೇಕು ಅಂತ ತಿಳಿಯದೆ ಫೋನ್ ನೋಡುತ್ತೇನೆ. ಸಂಜೆ ಆಗುವಷ್ಟರಲ್ಲಿ ಏನೋ ಕಳೆದುಕೊಂಡ ಹಾಗಿರುತ್ತೆ.

ಬನಶಂಕರಿ 3ನೇ ಹಂತ

ತಮ್ಮಾ, ಆ ಸಂಬಳದಲ್ಲಿ ಊರಿಗೆ 10,000 ಕಳಿಸುತ್ತಿದ್ದೀಯಲ್ಲ, ಅದು ಸಣ್ಣ ವಿಷಯ ಅಲ್ಲ. ಮೊದಲು ಅದನ್ನು ತಿಳಿದುಕೋ.

ಇಷ್ಟ ಯಾವುದು ಅಂತ ಕೂತು ಯೋಚಿಸಿದರೆ ಸಿಗುವುದಿಲ್ಲ. ನನ್ನ ತರಕಾರಿಯೂ ಹಾಗೇ ಶುರುವಾಯಿತು. ಸಂತೆಯಲ್ಲಿ ತಂದ ಪುದೀನ ಕಡ್ಡಿಯನ್ನು ಸುಮ್ನೆ ನೀರಿನಲ್ಲಿ ಇಟ್ಟಿದ್ದೆ, ಬೇರು ಬಿಟ್ಟಿತು. ಅಲ್ಲಿಂದ ಮುಂದೆ ಕೈ ತಾನಾಗಿಯೇ ಹೋಯಿತು. ಎರಡು ತಿಂಗಳು ಪ್ರತಿ ಭಾನುವಾರ ಒಂದು ಹೊಸ ಜಾಗಕ್ಕೆ ಹೋಗು. ಬೆಳಗ್ಗೆ ಲಾಲ್‌ಬಾಗ್ ಬಂಡೆ ಹತ್ತು. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲು ಅದು. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಿಗೆ ಹೋಗು. ಕೆ.ಎಚ್. ಕಲಾಸೌಧದಲ್ಲಿ ಒಂದು ನಾಟಕ ನೋಡು. ಎಲ್ಲಿ ಫೋನ್ ತೆಗೆಯುವುದು ಮರೆತುಹೋಗುತ್ತೋ, ಆ ಜಾಗಕ್ಕೆ ಮತ್ತೆ ಹೋಗು.

ಗಾಂಧಿಬಜಾರ್

ಆ ಪಟ್ಟಿಗೆ ಒಂದು ಸೇರಿಸುತ್ತೇನೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಇದೆ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ್ದು. ಯಾರು ಬೇಕಾದರೂ ಹೋಗಿ ವಿಜ್ಞಾನಿಗಳ ಮಾತು ಕೇಳಬಹುದು.

ನಾನು ಎಂಬತ್ತರ ದಶಕದಲ್ಲಿ ಅಲ್ಲಿ ಓದಿದವನು. ಎಚ್‌ಎನ್ ಅವರನ್ನು ದಿನಾ ನೋಡುತ್ತಿದ್ದೆ. ಖಾದಿ ಜುಬ್ಬ, ಬಿಳಿ ಟೋಪಿ. ಗೌರಿಬಿದನೂರಿನ ಹೊಸೂರಿನ ಬಡ ಮನೆಯ ಹುಡುಗ, ಓದಲು ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಅಮೆರಿಕದಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮಾಡಿ ಬಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ವಾಸ ಮಾತ್ರ ಕಾಲೇಜಿನ ಹಾಸ್ಟೆಲ್ ರೂಮಿನಲ್ಲಿ, 2005ರಲ್ಲಿ ತೀರಿಕೊಳ್ಳುವವರೆಗೂ. ಮದುವೆ ಆಗಲಿಲ್ಲ, ಆಸ್ತಿ ಮಾಡಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ನಾವು ಅದನ್ನು ತ್ಯಾಗ ಅನ್ನುತ್ತಿದ್ದೆವು. ಈಗ ನನಗೆ ಹಾಗೆ ಅನಿಸುವುದಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ತಮಗೆ ಬೇಕಾದ್ದನ್ನೇ ಮಾಡಿದರು. ವಿಜ್ಞಾನ, ಹುಡುಗರು, ಹಳ್ಳಿಗಳಲ್ಲಿ ಶಾಲೆಗಳು. ಸಾಮಾನಿಗೆ ಅವರ ದಿನದಲ್ಲಿ ಜಾಗವೇ ಇರಲಿಲ್ಲ.

ಎಲ್ಲರೂ ಹಾಗೆ ಇರಲು ಆಗುವುದಿಲ್ಲ, ನನಗೂ ಆಗಲಿಲ್ಲ. ಆದರೆ ಹುಡುಗ, ಆ ಕಾಲೇಜಿಗೆ ಒಂದು ಸಂಜೆ ಬಾ. ನಾನು ಹಿಂದಿನ ಸಾಲಿನಲ್ಲಿ ಇರುತ್ತೇನೆ.

ಕೆಂಗೇರಿ ಉಪನಗರ
ಐದು ವಾರದ ನಂತರ

ಏನಾಯಿತು ಅಂತ ಹೇಳಬೇಕಲ್ವಾ?

ಡಬ್ಬಗಳದ್ದು ಮೊದಲು. ಡಿನ್ನರ್ ಸೆಟ್ ಒಂದು ಅಮ್ಮನ ಮನೆಯ ಪಕ್ಕದ ಹುಡುಗಿಯ ಮದುವೆಗೆ ಹೋಯಿತು. ಜ್ಯೂಸರ್ ಪಿಜಿ ಹುಡುಗರಿಗೆ. ಚಾರ್ಜರ್‌ಗಳನ್ನು ಒಣ ಕಸ ಸಂಗ್ರಹ ಕೇಂದ್ರಕ್ಕೆ ಕೊಟ್ಟೆ. ಕಾಫಿ ಮೆಷಿನ್ ಮಾರಿದೆ, 2,500 ಬಂತು.

ಆ 2,500ಕ್ಕೆ ಸ್ವಲ್ಪ ಸೇರಿಸಿ ಬಳೇಪೇಟೆಗೆ ಹೋದೆ. ಹಿರಿಯರಿಗೆ ಧನ್ಯವಾದ. ಅಂಗಡಿಯ ಹಿಂದೆ ಸಣ್ಣ ಕೋಣೆ. ಅಲ್ಲಿನವರು ಮೃದಂಗವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆರಳ ಗೆಣ್ಣಿನಿಂದ ಮರ ತಟ್ಟಿ, ಕಿವಿ ಇಟ್ಟು ಕೇಳಿದರು. "ಒಳ್ಳೆ ಹಲಸು, ಮರಕ್ಕೆ ಏನೂ ಆಗಿಲ್ಲ. ಚರ್ಮದ ಮುಚ್ಚಿಗೆ ಎರಡೂ ಹೊಸದು ಹಾಕಬೇಕು" ಅಂದರು. ಕರಣೆ ಹಾಕುವುದನ್ನು ನೋಡಬಹುದಾ ಅಂತ ಕೇಳಿದೆ. ಶನಿವಾರ ಬನ್ನಿ ಅಂದರು.

ಮೆತ್ತಗೆ ಬೆಂದ ಅನ್ನ, ಅದರ ಜತೆ ಕಲ್ಲಿನ ಕಪ್ಪು ಪುಡಿ, ಎರಡನ್ನೂ ಅರೆದು ನುಣ್ಣಗೆ ಮಾಡಿಕೊಂಡಿದ್ದರು. ಒಂದು ಚಿಟಿಕೆ ಹಚ್ಚುವುದು, ನುಣುಪು ಕಲ್ಲಿನಿಂದ ಉಜ್ಜುವುದು, ಒಣಗುವವರೆಗೆ ಉಜ್ಜುವುದು. ಮತ್ತೆ ಒಂದು ಚಿಟಿಕೆ. ಎರಡು ಗಂಟೆ ಕೂತೆ, ಕಾಸಿನಗಲದ ಕಪ್ಪು ಅಷ್ಟೇ ಆಗಿತ್ತು. ಬೇಗ ಮಾಡಲು ಆಗಲ್ವಾ ಅಂತ ನಾನು ಕೇಳಲಿಲ್ಲ. ಫೋನ್ ಜೇಬಿನಲ್ಲೇ ಇತ್ತು.

ಮನೆಯಲ್ಲೂ ಮಾತಾಡಿದೆವು. ಬುಧವಾರ ಮತ್ತು ಶನಿವಾರ ಸಂಜೆ ನನ್ನದು. ಭಾನುವಾರ ಬೆಳಗ್ಗೆ ಐದರಿಂದ ಹತ್ತು ಅವಳದು. ಕ್ಯಾಮೆರಾ ಲೆನ್ಸ್‌ಗೆ ಬೂಷ್ಟು ಹಿಡಿದಿತ್ತು, ಕ್ಲೀನ್ ಮಾಡಿಸಿದ್ದೇವೆ. ಹೋದ ವಾರ ಒಬ್ಬಳೇ ಹೆಸರಘಟ್ಟಕ್ಕೆ ಹೋಗಿ ಬಂದಳು. ಇಡ್ಲಿ ನಾನು ಮಾಡಿದೆ, ಸ್ವಲ್ಪ ಗಟ್ಟಿಯಾಯಿತು. ಆಫೀಸಿನಲ್ಲಿ ಬುಧವಾರದ ಸಂಜೆ ಕಾಲ್ ಬೇರೆ ದಿನಕ್ಕೆ ಹಾಕಿಸಿ ಅಂತ ಕೇಳಿದೆ. ಎರಡು ವರ್ಷದಿಂದ ಕೇಳಲು ಹೆದರಿದ್ದ ಮಾತು. ಮ್ಯಾನೇಜರ್ "ಸರಿ, ಗುರುವಾರ ಇಟ್ಟುಕೊಳ್ಳೋಣ" ಅಂದರು, ಅಷ್ಟೆ.

ನಿನ್ನೆ ಸಂಜೆ ಮೊದಲ ಸಲ ಕೂತೆ. ರವೆಯನ್ನು ನೀರಿನಲ್ಲಿ ಕಲಸಿ ಎಡಗಡೆಗೆ ಹಚ್ಚುವುದು ಮರೆತೇ ಹೋಗಿತ್ತು. ಮಗಳು ಅಡುಗೆಮನೆಯಿಂದ ಡಬ್ಬಿ ತಂದು ಕೊಟ್ಟಳು. ಉಪ್ಪಿಟ್ಟು ರವೆನೋ, ಚಿರೋಟಿ ರವೆನೋ ಅಂತ ಕೇಳಿದಳು. ಚಿರೋಟಿ ಅಂದೆ. ಉಂಡೆ ಮಾಡಿ, ಮಧ್ಯಕ್ಕೆ ಒತ್ತಿ, ಒದ್ದೆ ಬೆರಳಿನಿಂದ ಅಂಚು ಸವರಿದೆ. ಎಡಗೈ ಇಟ್ಟೆ. ಗುಂ ಅಂತ ಸದ್ದು ನೆಲದಿಂದ ಬಂದ ಹಾಗೆ ಬಂತು. ಮನೆಗೆ ಬಂದಿದ್ದ ಅಮ್ಮ ಒಳಗಿನಿಂದ ಎದ್ದು ಬಂದು ಬಾಗಿಲ ಹತ್ತಿರ ನಿಂತರು.

ಬೆರಳು ಓಡುವುದಿಲ್ಲ. ತ ದಿ ತೊಂ ನಂ, ಮೊದಲನೇ ಪಾಠವೇ ಎಡವುತ್ತಿದೆ. ಮಗಳು ಎದುರಿಗೆ ಕೂತು ಆದಿತಾಳ ಹಾಕಿದಳು, ಎಣಿಸುತ್ತ, ಬೆರಳು ಮಡಿಸುತ್ತ. ನಾನು ತಪ್ಪಿದಾಗಲೆಲ್ಲ ನಿಲ್ಲಿಸಿ, "ಅಪ್ಪಾ, ಮತ್ತೆ ಮೊದಲಿಂದ" ಅಂದಳು.